ದೃಷ್ಟಿಬೊಟ್ಟಿನ ಕೆಳಗೆ

ನಮ್ಮೂರಿನಲ್ಲಿ ಗುರುತಿಲ್ಲದವರನ್ನು ಕಂಡ ಕೂಡಲೇ ಹೆಸರು ಕೇಳುವುದು ಒಳ್ಳೆಯ ನಡತೆಯಲ್ಲ. ಮೊದಲು "ಸಿಕ್ಕೈತೇನ್ರಿ?" ಎಂದು ಕೇಳಬೇಕು. ಅವರು ಹೂಂ ಎಂದರೆ ಹೆಸರು ಕೇಳಬಹುದು. ಇಲ್ಲವೆಂದರೆ ಮಳೆ, ಜೋಳದ ಬೆಳೆ, ಮೊಣಕಾಲು ನೋವು ಹೀಗೆ ಬೇರೆ ಮಾತಿಗೆ ಹೊರಳಬೇಕು. ನನ್ನನ್ನು ಕೇಳಿದವರೆಲ್ಲ ಮಳೆಯ ಮಾತಿಗೇ ಹೊರಳಿದ್ದಾರೆ. ತಲೆಗೂದಲು ಬೆಳ್ಳಗಾಗುವ ತನಕ ನಾನು ಅದನ್ನೇ ಕೇಳಿದ್ದೇನೆ. ಮಳೆಯ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಊರಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ.

ಊರಿನ ನೆತ್ತಿಯ ಮೇಲೆ, ನಕ್ಷತ್ರಗಳು ಕಿಕ್ಕಿರಿದ ಆಕಾಶದ ನಡುವೆ, ಒಂದು ಕಪ್ಪು ಜಾಗ ಇದೆ. ಹೊರಗಿನಿಂದ ಬಂದವರು ಅಲ್ಲಿ ಏನೂ ಇಲ್ಲ ಎಂದುಕೊಳ್ಳುತ್ತಾರೆ. ನಾವು ಅದನ್ನು ಬಾಣಂತಿ ಖೋಲಿ ಎನ್ನುತ್ತೇವೆ. ಹೆತ್ತವಳ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಕಿಟಕಿ ಮುಚ್ಚಿ, ಒಳಗೆ ಕೂಸನ್ನು ಬೆಚ್ಚಗೆ ಮಲಗಿಸುತ್ತಾರಲ್ಲ, ಹಾಗೆ. ಅದು ಧೂಳು ಮತ್ತು ಅನಿಲದ ದೊಡ್ಡ ಮೋಡ. ತನ್ನ ಭಾರಕ್ಕೆ ತಾನೇ ಕುಸಿದು ಅಲ್ಲಲ್ಲಿ ಗಂಟು ಕಟ್ಟುತ್ತದೆ. ಗಂಟು ಬಿಗಿಯಾದಷ್ಟೂ ಬಿಸಿಯಾಗುತ್ತದೆ, ಬಿಸಿಯಾದದ್ದು ನಿಧಾನವಾಗಿ ನಕ್ಷತ್ರವಾಗುತ್ತದೆ. ಅದರ ಬೆಳಕನ್ನೆಲ್ಲ ಧೂಳು ನುಂಗಿಬಿಡುತ್ತದೆ. ಶಾಖ ಮಾತ್ರ ಕಂಬಳಿ ದಾಟಿ ಹೊರಗೆ ಬರುತ್ತದೆ. ಆ ಶಾಖವನ್ನು ಕಾಣಬಲ್ಲ ದುರ್ಬೀನು ನಮ್ಮ ಗುಡ್ಡದ ಮೇಲಿದೆ. ಊರಿನಲ್ಲಿ ಕೂಸು ಹುಟ್ಟಿದರೆ ಖೋಲಿಯಲ್ಲಿ ಅದರ ಪಾಲಿನ ಒಂದು ಹೊಸ ಬಿಸಿ ಕಾಣಿಸಬೇಕು. ಕಾಣಿಸಿದ ಮೇಲೆಯೇ ಅದಕ್ಕೆ ಹೆಸರು.

ಹೆಸರು ಇಡುವುದು ತಾಯಿಯ ಕೆಲಸ. ಹೆತ್ತ ದಿನವೇ ಮನಸ್ಸಿನಲ್ಲಿ ಒಂದು ಹೆಸರು ಇಟ್ಟು ಅವಳು ಬಾಯಿ ಮುಚ್ಚಿಕೊಂಡಿರುತ್ತಾಳೆ. ಗಂಡನಿಗೂ ಹೇಳುವಂತಿಲ್ಲ, ತವರಿನವರಿಗೂ ಹೇಳುವಂತಿಲ್ಲ. ನಕ್ಷತ್ರ ಸಿಕ್ಕ ಸಂಜೆ ಗುಡ್ಡದ ಮೇಲೆ ಚರ್ಮದ ಹಲಗೆ ಬಡಿಯುತ್ತಾರೆ. ಆಗ ತಾಯಿ ಬಾಗಿಲಿಗೆ ಬಂದು, ಬೀದಿಗೆ ಮುಖ ಮಾಡಿ, ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾಳೆ. ಕೂಸು ಬೀದಿಯಿಂದ ಮನೆಯೊಳಗೆ ಬರಬೇಕು. ನಡೆಯಲು ಬಾರದಿದ್ದರೆ ಯಾರಾದರೂ ಕಂಕುಳಲ್ಲಿ ಎತ್ತಿಕೊಂಡು ಬರುತ್ತಾರೆ. ಹೆಸರನ್ನು ಬರೆದಿಟ್ಟರೆ ಆಗುವುದಿಲ್ಲವೇ ಎಂದು ಹೊರಗಿನವರು ಜಾಣತನದ ಪ್ರಶ್ನೆ ಕೇಳುತ್ತಾರೆ. ಹಿಂದೆ ಬರೆದಿಟ್ಟವರೂ ಇದ್ದರು. ಬೇರೆಯವರ ಬಾಯಿಂದ ಬಂದ ಹೆಸರಿಗೆ ಆ ಮಕ್ಕಳು ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ. ಕೆರೆಯ ಕಡೆಯ ಓಣಿಯ ಅಜ್ಜನೊಬ್ಬ ಹಾಗೆಯೇ ಹೆಸರಿಲ್ಲದೆ ಮಣ್ಣಾದ. ಅವನ ಗೋರಿಯ ಕಲ್ಲನ್ನು ಕಲ್ಲುಕುಟಿಗ ನಯ ಮಾಡಿ ಹಾಗೇ ಬಿಟ್ಟಿದ್ದಾನೆ. ಮಕ್ಕಳು ಅದರ ಮೇಲೆ ಹುಣಸೆಹಣ್ಣು ಕುಟ್ಟುತ್ತಾರೆ.

ನಾನು ಮತ್ತು ಚೆಂಬಸು ಅವಳಿ. ಅವನು ಮೊದಲು ಬಂದ, ಅವನ ಹಿಂದೆಯೇ ನಾನು. ಒಂದೊಂದು ಮನೆತನಕ್ಕೆ ಖೋಲಿಯಲ್ಲಿ ಒಂದೊಂದು ಮೂಲೆ ಇರುತ್ತದೆ. ನಮ್ಮ ಮನೆಯ ಮೂಲೆಯಲ್ಲಿ ಆ ವರ್ಷ ಒಂದೇ ಒಂದು ಹೊಸ ಬಿಸಿ ಕಂಡಿತು. ಮೊದಲು ಬಂದವನಿಗೆ ಮೊದಲು ಸಿಕ್ಕದ್ದು ಎಂದು ಹಿರಿಯರು ತೀರ್ಮಾನ ಮಾಡಿದರು. ಅವ್ವ ಬಾಗಿಲಿಗೆ ಬಂದು "ಚೆಂಬಸಪ್ಪಾ" ಎಂದು ಕೂಗಿದಳಂತೆ. ಕೂಗಿ, ಇನ್ನೊಂದು ಹೆಸರನ್ನು ನುಂಗಿಕೊಂಡು ಒಳಗೆ ಹೋದಳಂತೆ. ನನ್ನದು ಮುಂದಿನ ವರ್ಷ ಸಿಕ್ಕೀತು ಎಂದರು. ಆಮೇಲೆ ಅದರ ಮುಂದಿನ ವರ್ಷ ಎಂದರು. ಆಮೇಲೆ ಏನೂ ಅನ್ನಲಿಲ್ಲ. ಊರಿಗೆಲ್ಲ ನಾನು ಚೆಂಬಸೂನ ತಂಗಿ. ಅವ್ವನಿಗೆ ಮಾತ್ರ ಕೂಸು. ಹಲ್ಲು ಅಲುಗಾಡುವ ವಯಸ್ಸಿನಲ್ಲೂ ಅವಳು ನನ್ನನ್ನು "ಏ ಕೂಸ" ಎಂದೇ ಕರೆಯುತ್ತಿದ್ದಳು. ಬೀದಿಯ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು.

ಚಿಕ್ಕವಳಿದ್ದಾಗ ನಾನು ಹೆಸರುಗಳನ್ನು ಬಳೆಗಳ ಹಾಗೆ ಹಾಕಿಕೊಂಡು ನೋಡುತ್ತಿದ್ದೆ. ಇಂದುಮತಿ. ಸೌದಾಮಿನಿ. ಚಂದ್ರಪ್ರಭಾ. ಬಾವಿಕಟ್ಟೆಯಲ್ಲಿ ನೀರು ಸೇದುತ್ತ ಮನಸ್ಸಿನಲ್ಲೇ ನನ್ನನ್ನು ಸೌದಾಮಿನಿ ಎಂದು ಕರೆದುಕೊಂಡು, ಮನಸ್ಸಿನಲ್ಲೇ ಓ ಎನ್ನುತ್ತಿದ್ದೆ. ಯಾವುದೂ ಒಗ್ಗಲಿಲ್ಲ. ದೊಡ್ಡವಳಾದ ಮೇಲೆ ಎಣ್ಣೆಗಾಣದವರ ಮನೆಯ ಹುಡುಗನೊಬ್ಬ ನನ್ನನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿದು ಕೂತ. ಹೆಸರಿಲ್ಲದವಳಿಗೆ ತಾಳಿ ಕಟ್ಟಲು ಬರುವುದಿಲ್ಲ. ಕಾದ, ಪಾಪ. ಅವನ ತಂಗಿಯರ ಮದುವೆಗಳು ಅವನಿಂದಾಗಿ ನಿಂತವು. ಕೊನೆಗೆ ಒಂದು ದಿನ ನಮ್ಮ ಬಾಗಿಲಿನ ಮುಂದೆ ಬಂದು ನಿಂತು, ಈ ಸಲ ಮಳೆ ಜೋರಾಗುವ ಹಾಗಿದೆ ಎಂದ. ನನಗೆ ಅರ್ಥವಾಯಿತು. ಆ ದಿನ ನಾನು ಅತ್ತಷ್ಟು ಮತ್ತೆ ಯಾವತ್ತೂ ಅತ್ತಿಲ್ಲ.

ಗುಡ್ಡದ ದುರ್ಬೀನಿನ ಮನೆಯನ್ನು ನೋಡಿಕೊಳ್ಳುವವರು ಅಂಬಾಬಾಯಿ ಅಕ್ಕೋರು. ಮೊದಲು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಬಾಯಲ್ಲಿ ಯಾವಾಗಲೂ ಒಂದು ಲವಂಗ, ಮಾತಿನಲ್ಲಿ ಯಾವಾಗಲೂ ಒಂದು ಬೈಗುಳ. ನನ್ನ ಅಳು ಅವರ ಕಿವಿಗೆ ಬಿತ್ತು. "ಮನ್ಯಾಗ ಕುಂತ ಅತ್ತರ ಚುಕ್ಕಿ ಸಿಗತಾವೇನ? ಗುಡ್ಡಕ್ಕ ಬಾ. ನಿಂದ ನೀನ ಹುಡುಕ್ಕೊ" ಎಂದು ಹೇಳಿ ಕೆಲಸಕ್ಕೆ ಸೇರಿಸಿಕೊಂಡರು. ಅಂದಿನಿಂದ ಗುಡ್ಡ ಹತ್ತುತ್ತಿದ್ದೇನೆ. ಕಾಲಿನ ಕೀಲು ಸವೆದಿವೆ, ಅಕ್ಕೋರ ಲವಂಗ ಸವೆದಿಲ್ಲ.

ಅಲ್ಲಿ ನನ್ನ ಕೆಲಸ ಎರಡು. ಒಂದು, ದುರ್ಬೀನಿನ ಕ್ಯಾಮೆರಾವನ್ನು ತಣ್ಣಗಿಡುವುದು. ಶಾಖವನ್ನು ನೋಡುವ ಕಣ್ಣು ತಾನೇ ಬೆಚ್ಚಗಿದ್ದರೆ ಹೊರಗಿನದೇನೂ ಅದಕ್ಕೆ ಕಾಣುವುದಿಲ್ಲ, ತನ್ನ ಬಿಸಿಯನ್ನೇ ನೋಡಿಕೊಂಡು ಕೂರುತ್ತದೆ. ನಮ್ಮ ಪಂಚಾಯಿತಿಯ ದೊಡ್ಡವರ ಹಾಗೆ. ಅದಕ್ಕೆ ದಿನಾ ಹಂಡೆಯಿಂದ ಹೊಗೆನೀರು ಸುರಿಯಬೇಕು. ಹೆಸರಿಗೆ ನೀರು, ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗಿರುವ ಅದು ಸುರಿಯುವಾಗ ಬಿಳಿ ಹೊಗೆ ಎಬ್ಬಿಸುತ್ತದೆ, ತಾಗಿದರೆ ಚರ್ಮ ಸುಟ್ಟಂತೆ ಕಿತ್ತುಬರುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಕೈಗಳು ಕೊರಡಾಗುತ್ತವೆ. ಸಂಜೆ ಮನೆಗೆ ಬಂದರೆ ಅವ್ವ ಮಾತಿಗೂ ಮೊದಲು ನನ್ನ ಎರಡೂ ಕೈ ಹಿಡಿದು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕುತ್ತಿದ್ದಳು, ಊದುತ್ತಿದ್ದಳು. "ಇವು ಕೈಯೋ ಬಾವಿಕಲ್ಲೋ" ಎನ್ನುತ್ತಿದ್ದಳು. ಅದೊಂದು ದಿನವೂ ತಪ್ಪಿದ್ದಿಲ್ಲ.

ಇನ್ನೊಂದು ಕೆಲಸ ಬೊಟ್ಟು ಇಡುವುದು. ಖೋಲಿಯ ಚಿತ್ರ ಒಂದು ಗಾಜಿನ ಪರದೆಯ ಮೇಲೆ ಮೂಡುತ್ತದೆ. ಈಗಾಗಲೇ ಒಬ್ಬರಿಗೆ ಕೊಟ್ಟುಬಿಟ್ಟ ನಕ್ಷತ್ರವನ್ನು ಮತ್ತೆ ದಿಟ್ಟಿಸಿ ನೋಡಬಾರದು, ದೃಷ್ಟಿಯಾಗುತ್ತದೆ. ಕೂಸಿನ ಕೆನ್ನೆಗೆ ಇಡುವ ಹಾಗೆ ಅದರ ಮೇಲೆ ಕಾಡಿಗೆಯ ಒಂದು ಬೊಟ್ಟು ಇಡಬೇಕು. ಯಾವುದು ಎಲ್ಲಿದೆ ಎಂದು ನನಗೆ ಬಾಯಿಪಾಠ. ಚಿತ್ರ ಪೂರ್ತಿ ಮೂಡುವ ಮೊದಲೇ ಬೆರಳ ತುದಿಯಿಂದ ಪಟಪಟನೆ ಬೊಟ್ಟು ಇಡುತ್ತ ಹೋಗುತ್ತೇನೆ. ಎಲ್ಲ ಮುಚ್ಚಿದ ಮೇಲೆ ಅಕ್ಕೋರು ಬಂದು ನೋಡುತ್ತಾರೆ. ಬೊಟ್ಟುಗಳ ನಡುವೆ ಏನಾದರೂ ಹೊಳೆದರೆ ಅದು ಹೊಸದು. ನಮ್ಮ ಮೂಲೆಗೆ ಬಂದಾಗ ನಾನು ಅವ್ವನ ನಕ್ಷತ್ರಕ್ಕೆ ಒಂದು, ತೀರಿಹೋದ ಅಪ್ಪನ ನಕ್ಷತ್ರಕ್ಕೆ ಒಂದು, ಚೆಂಬಸೂನದಕ್ಕೆ ಸ್ವಲ್ಪ ದೊಡ್ಡದಾಗಿ ಒಂದು ಬೊಟ್ಟು ಇಟ್ಟು, ಉಳಿದ ಕತ್ತಲನ್ನು ಒಂದು ಗಳಿಗೆ ನೋಡುತ್ತಿದ್ದೆ. ಅಲ್ಲಿ ಎಂದೂ ಏನೂ ಹೊಳೆಯಲಿಲ್ಲ. ಬೇರೆ ಮೂಲೆಗಳಲ್ಲಿ ಹೊಳೆದಾಗ ಹಲಗೆ ಬಡಿಯುವವನನ್ನು ಕೂಗಿ ಕರೆಯುವುದೂ ನನ್ನದೇ ಕೆಲಸ. ಕರೆದಿದ್ದೇನೆ. ಹೊಟ್ಟೆ ಉರಿದಿಲ್ಲ ಎಂದು ಸುಳ್ಳು ಹೇಳಲಾರೆ.

ದುರ್ಬೀನು ನೋಡುವ ದಿನಕ್ಕೆ ಊರಿನಲ್ಲಿ ತಣ್ಣನ ದಿನ ಎನ್ನುತ್ತಾರೆ. ಒಲೆಗಳಿಂದ ಏಳುವ ಬಿಸಿಗಾಳಿಗೆ ಚಿತ್ರ ನಡುಗುತ್ತದೆ ಎಂದು ಅಂದು ಮಧ್ಯಾಹ್ನದಿಂದಲೇ ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ. ಮೊಸರವಲಕ್ಕಿ, ಸೌತೆಕಾಯಿ, ನಿನ್ನೆಯ ರೊಟ್ಟಿ, ಶೇಂಗಾ ಚಟ್ನಿ. ಚಹಾ ಇಲ್ಲದೆ ಗಂಡಸರ ಮುಖ ಊದಿಕೊಂಡಿರುತ್ತದೆ. ಚೆಂಬಸೂನದು ಸ್ಟೋವ್ ರಿಪೇರಿ ಅಂಗಡಿ. ತಣ್ಣನ ದಿನ ಅವನಿಗೆ ರಜೆ. "ಊರಿಗೆಲ್ಲ ಉರಿ ಹಚ್ಚೋದು ನಾನು, ಆರಿಸೋದು ನೀನು" ಎಂದು ನನ್ನನ್ನು ಗೇಲಿ ಮಾಡುತ್ತಿದ್ದ. ಒಳಗೊಳಗೆ ಅವನಿಗೆ ನನ್ನದೇ ಕೊರಗು. ನನ್ನ ನಕ್ಷತ್ರವನ್ನು ತಾನು ತೆಗೆದುಕೊಂಡೆ ಎಂಬ ಹಾಗೆ ಚಿಕ್ಕಂದಿನಿಂದಲೂ ಏನು ತಂದರೂ ಅರ್ಧ ನನಗೆ ಮುರಿದುಕೊಡುತ್ತಿದ್ದ.

ಅವ್ವನ ಮರೆವು ಉಪ್ಪಿನಿಂದ ಶುರುವಾಯಿತು. ಸಾರಿಗೆ ಎರಡು ಸಲ ಹಾಕಿದಳು, ಆಮೇಲೆ ಹಾಕುವುದನ್ನೇ ಬಿಟ್ಟಳು. ಪಕ್ಕದ ಮನೆಯ ದಾರಿ ತಪ್ಪಿದಳು. ಸತ್ತ ಅಪ್ಪನಿಗೆ ತಾಟು ಹಾಕಿ ಕಾದು ಕೂತಳು. ಅದನ್ನೆಲ್ಲ ನಾನು ನಗುತ್ತಲೇ ಸಹಿಸಿದೆ. ನನ್ನನ್ನು ನಿದ್ದೆಗೆಡಿಸಿದ್ದು ಒಂದೇ ಯೋಚನೆ. ನನ್ನ ಹೆಸರು ಈ ಲೋಕದಲ್ಲಿ ಅವಳೊಬ್ಬಳ ತಲೆಯಲ್ಲಿತ್ತು. ಉಪ್ಪು ಹೋದ ದಾರಿಯಲ್ಲಿ ಅದೂ ಹೋದರೆ, ನಾಳೆ ಖೋಲಿಯೆಲ್ಲ ಬೆಳಗಿದರೂ ನನಗೆ ಪ್ರಯೋಜನವಿಲ್ಲ. ಬಾಯಿಬಿಟ್ಟು ಕೇಳುವಂತಿಲ್ಲ. ಅದಕ್ಕೆ ದಿನಾ ಸಂಜೆ ಅವಳು ನನ್ನ ಕೈ ತಿಕ್ಕುವಾಗ ಮೆಲ್ಲಗೆ "ಅವ್ವಾ, ಐತಿ?" ಎನ್ನುತ್ತಿದ್ದೆ. ಅವಳಿಗೆ ತಿಳಿಯುತ್ತಿತ್ತು. ಎದೆಯ ಮೇಲೆ ಕೈಯಿಟ್ಟು "ಐತಿ" ಎನ್ನುತ್ತಿದ್ದಳು. ಅಷ್ಟು ಕೇಳಿದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಒಂದು ಸಂಜೆ ಕೇಳಿದೆ. ಅವ್ವ ಕೈ ತಿಕ್ಕುವುದನ್ನು ನಿಲ್ಲಿಸಿದಳು. "ಏನು ಐತಿ?" ಎಂದಳು.

"ಅದ ಅವ್ವಾ, ನೀ ಇಟ್ಕೊಂಡಿದ್ದು."

"ನಾ ಯಾರ್ದೂ ಏನೂ ಇಟ್ಕೊಂಡಿಲ್ಲ ತಾಯಿ" ಎಂದು ಗಾಬರಿಯಿಂದ ಕೈ ಬಿಟ್ಟಳು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತೆ. ಹೆಸರೇ ಕೇಳದ ಒಬ್ಬಳು ಸತ್ತುಹೋದ ಹಾಗೆ ಅನಿಸಿತು. ಸತ್ತವಳು ನಾನೇ.

ಅದರ ಮರುವಾರ ತಣ್ಣನ ದಿನ. ನಾನು ಗುಡ್ಡದ ಮೇಲೆ ಹೊಗೆನೀರು ಸುರಿದು ಮುಗಿಸುತ್ತಿದ್ದೆ. ಹೊತ್ತು ಇಳಿದಿತ್ತು, ಆದರೆ ಬೆಳಕು ಪೂರ್ತಿ ಆರಿರಲಿಲ್ಲ. ಶಾಖ ನೋಡುವ ದುರ್ಬೀನಿಗೆ ಅಷ್ಟು ಬೆಳಕು ಲೆಕ್ಕವಿಲ್ಲ, ಸೂರ್ಯ ಇಳಿದ ಕೂಡಲೇ ಕೆಲಸ ಶುರುವಾಗುತ್ತದೆ. ಬಾಗಿಲಲ್ಲಿ ಚೆಂಬಸು ನಿಂತಿದ್ದ. ಅವನು ಗುಡ್ಡ ಹತ್ತುವವನೇ ಅಲ್ಲ. ಮುಖ ಬಾಡಿತ್ತು.

"ಅವ್ವ ನನ್ನ ಹೆಸರ ಮರತಾಳ" ಎಂದ. "ಅಂಗಡಿಯಿಂದ ಬಂದೆ. 'ಯಾರ್ರೀ ನೀವು, ನಮ್ಮ ಸ್ಟೋವ್ ಚಲೋ ಅದ, ಹೋಗ್ರಿ' ಅಂದ್ಲು."

ನಾನು ಹಂಡೆಯನ್ನು ಕೆಳಗಿಟ್ಟೆ. ಅವನು ಅಕ್ಕೋರ ಕಡೆ ತಿರುಗಿದ. "ಅಕ್ಕೋರ, ಒಂದ ಸಲ ನನ್ನ ಚುಕ್ಕಿ ತೋರಸ್ರಿ. ಬೊಟ್ಟು ಇಡದಂಗ. ಅದಾದ್ರೂ ಐತೋ ಇಲ್ಲೋ ನೋಡಬೇಕು."

"ಕೊಟ್ಟ ಚುಕ್ಕೀನ ದಿಟ್ಟಿಸಿ ನೋಡಬಾರದು. ಅಷ್ಟೂ ಗೊತ್ತಿಲ್ಲೇನ ನಿನಗ? ದೃಷ್ಟಿ ತಾಗತೈತಿ."

"ಹೆತ್ತವ್ವನೇ ಮರತ ಮ್ಯಾಲ ಇನ್ನ ಯಾರ ದೃಷ್ಟಿ ತಾಗತೈತ್ರಿ ನನಗ?"

ಅಕ್ಕೋರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ತಂಗಿ, ಇವತ್ತ ಆ ಮೂಲಿಗೆ ಬೊಟ್ಟು ಬ್ಯಾಡ" ಎಂದರು.

ಕಾಡಿಗೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ನಿಂತೆ. ಪರದೆಯ ಮೇಲೆ ನಮ್ಮ ಮೂಲೆ ಮೆಲ್ಲಗೆ ಮೂಡಿತು. ಅವ್ವನದು, ಅಪ್ಪನದು, ಆಮೇಲೆ ಎಲ್ಲಕ್ಕಿಂತ ಬೆಚ್ಚಗೆ ಚೆಂಬಸೂನದು. ಅವನು ಎರಡೂ ಕೈ ಜೋಡಿಸಿ ಅದನ್ನೇ ನೋಡಿದ. "ಐತಿ" ಎಂದು ಉಸಿರು ಬಿಟ್ಟ. ಅಕ್ಕೋರು ಮಾತ್ರ ಹುಬ್ಬು ಗಂಟಿಕ್ಕಿದರು. ಬಗ್ಗಿ ನೋಡಿದರು. ಅದು ಉಳಿದವುಗಳ ಹಾಗೆ ದುಂಡಗಿರಲಿಲ್ಲ. ಎರಡು ಕಾಳಿರುವ ಶೇಂಗಾಕಾಯಿಯ ಹಾಗೆ ಕೊಂಚ ಉದ್ದಕ್ಕಿತ್ತು.

"ಗಾಳಿ ಸರಿ ಇಲ್ಲ ಅನ್ನಸ್ತದ, ನಡಗಾಕತ್ತೈತಿ" ಎಂದು ನಾನೇ ಹೇಳಿದೆ. ಆಸೆಯನ್ನು ತಲೆ ಎತ್ತುವ ಮೊದಲೇ ಚಿವುಟುವುದು ನನಗೆ ರೂಢಿಯಾಗಿತ್ತು.

"ಊರಾಗ ಒಂದ ಒಲಿ ಉರ್ಯಾಕತ್ತಿಲ್ಲ. ಗಾಳಿ ಎಲ್ಲಿಂದ ನಡಗತೈತಿ?" ಎಂದು ಅಕ್ಕೋರು ದುರ್ಬೀನನ್ನು ಖೋಲಿಯಿಂದ ಪಕ್ಕದ ಬರಿಯ ಆಕಾಶಕ್ಕೆ ಹೊರಳಿಸಿ ಅದರ ಚಿತ್ರ ತೆಗೆದರು. ಮೊದಲಿನ ಚಿತ್ರದಿಂದ ಇದನ್ನು ಕಳೆದರೆ ಆಕಾಶದ ಬಿಸಿ, ದುರ್ಬೀನಿನ ಬಿಸಿ ಎಲ್ಲ ಹೋಗಿ ನಕ್ಷತ್ರದ್ದು ಮಾತ್ರ ಉಳಿಯುತ್ತದೆ. ಕಳೆದರು. ಉದ್ದಕ್ಕಿದ್ದದ್ದು ಉದ್ದಕ್ಕೇ ಉಳಿಯಿತು. ಆಮೇಲೆ ಅವರು ನನ್ನ ಮುಖವನ್ನು ನೋಡದೆ, "ತಂಗಿ, ನೀ ಸ್ವಲ್ಪ ಹೊರಗ ಹೋಗಿ ನಿಂದ್ರು. ನಿನ್ನ ಮೈಬಿಸಿ ಕನ್ನಡ್ಯಾಗ ಬಿದ್ದಿರಬಹುದು" ಎಂದರು.

ನಾನು ಹೊರಗೆ ಬಂದು ಬಂಡೆಯ ಹತ್ತಿರ ನಿಂತೆ. ಕೆಳಗೆ ಊರು ಹೊಗೆಯಿಲ್ಲದೆ ಸುಮ್ಮನೆ ಮಲಗಿತ್ತು. ಮೇಲೆ ಒಂದೊಂದೇ ನಕ್ಷತ್ರ ಕಣ್ಣು ಬಿಡುತ್ತಿತ್ತು. ಖೋಲಿಯ ಜಾಗ ಮಾತ್ರ ಕಪ್ಪಗೆ, ಮುಚ್ಚಿದ ಬಾಗಿಲಿನ ಹಾಗೆ. ಕಣ್ಣಿನಿಂದ ಅಲ್ಲಿ ಏನೂ ಕಾಣುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನೋಡಿದೆ. ಬಾ, ಎಂದೆ. ಇದ್ದರೆ ಬಾ. ಇಷ್ಟು ವರ್ಷ ಇನ್ನೊಬ್ಬರ ಕೂಸುಗಳನ್ನು ಹುಡುಕಿಕೊಟ್ಟಿದ್ದೇನೆ, ನನಗೊಂದು ಸಲ ಬಾ. ಯಾರನ್ನಾದರೂ ಹೀಗೆ ಬೇಡಿಕೊಂಡದ್ದು ಅದೇ ಮೊದಲು.

ಚೆಂಬಸು ಹೊರಗೆ ಓಡಿ ಬಂದ. ಮುಖವೆಲ್ಲ ಒದ್ದೆ. ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದ. ಗಾಳಿ ಅಲುಗದೆ ನಿಂತ ಒಂದು ಗಳಿಗೆಯಲ್ಲಿ ಅಕ್ಕೋರು ಹಿಡಿದ ಚಿತ್ರ ಪರದೆಯ ಮೇಲಿತ್ತು. ಅವನ ನಕ್ಷತ್ರದ ಮಗ್ಗುಲಿಗೆ, ಒಂದು ಕೂದಲೆಳೆಯ ಕತ್ತಲು ಬಿಟ್ಟು, ಇನ್ನೊಂದು. ಅವನದಕ್ಕಿಂತ ಸ್ವಲ್ಪ ಸಣ್ಣದು, ಅಷ್ಟೇ ಬೆಚ್ಚಗಿನದು.

"ದುರ್ಬೀನ ಸರಸಿ ನೋಡಿದ್ನಿ" ಎಂದರು ಅಕ್ಕೋರು. "ಸುಳ್ಳ ಬಿಸಿ ಆಗಿದ್ರ ಇದ್ದಲ್ಲೇ ನಿಂದರ್ತಿತ್ತು. ಇದು ಖೋಲಿ ಜೋಡಿ ಸರಿದೈತಿ. ಖರೇ ಚುಕ್ಕಿ. ಒಂದ ಗಂಟಿನಾಗ ಎರಡ ಹುಟ್ಯಾವ. ಒಂದರ ಸುತ್ತ ಒಂದ ತಿರಗಾಕತ್ತಾವ." ಆಮೇಲೆ ಲವಂಗವನ್ನು ಉಗುಳಿದರು. ಅದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. "ಹುಟ್ಟಿದಾಗಿಂದ ಅಲ್ಲೇ ಐತಿ. ನಾವ ಬೊಟ್ಟು ಇಟ್ಟ ಮುಚ್ಚಿದ್ವಿ."

ನಾವಲ್ಲ, ನಾನು. ನನ್ನ ಬೆರಳಿಗೆ ಇನ್ನೂ ಕಾಡಿಗೆ ಅಂಟಿತ್ತು. ಅಣ್ಣನ ಮೇಲಿನ ಅಕ್ಕರೆಗೆ ಅವನ ಬೊಟ್ಟನ್ನು ಎಲ್ಲಕ್ಕಿಂತ ದೊಡ್ಡದಾಗಿ ಇಡುತ್ತಿದ್ದೆ. ಅಷ್ಟು ವರ್ಷ ಅದರ ಕೆಳಗೆ ನನ್ನನ್ನೇ ಮುಚ್ಚಿಟ್ಟು, ಆಮೇಲೆ ಉಳಿದ ಕತ್ತಲಲ್ಲಿ ನನ್ನನ್ನು ಹುಡುಕುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಚೆಂಬಸು ನನ್ನ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, "ನನ್ನ ಬೆನ್ನಿಗೇ ಇದ್ದೆಲ್ಲವಾ, ಬಿಟ್ಟ ಎಲ್ಲೂ ಹೋಗಿರಲಿಲ್ಲ" ಎಂದ.

ಹಲಗೆಯ ಸದ್ದಿಗೆ ಇಡೀ ಊರು ಬಾಗಿಲುಗಳಿಗೆ ಬಂದಿತ್ತು. ಯಾರ ಮನೆಗೆ, ಯಾರ ಕೂಸಿಗೆ ಎಂದು ಎಲ್ಲರೂ ಇಣುಕುತ್ತಿದ್ದರು. ನಾವಿಬ್ಬರೂ ಇಳಿದು ಬರುತ್ತಿದ್ದಂತೆ ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. ಪಕ್ಕದ ಮನೆಯ ಪಾರೋತಕ್ಕ ಕಂದೀಲು ಹಿಡಿದುಕೊಂಡೇ ಓಡಿಬಂದು ನನ್ನ ಕೈಗಳನ್ನು ಹಿಡಿದುಕೊಂಡಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಮನೆ ತಲುಪುವಷ್ಟರಲ್ಲಿ ಊರಿನ ಎಲ್ಲ ಹೆಂಗಸರ ಅಂಗೈಯಲ್ಲಿ ನನ್ನ ಕೈ ಹಾದು ಬಂದಿತ್ತು. ನಗುತ್ತಲೇ ಇದ್ದೆ. ಆದರೆ ಅವ್ವನ "ಏನು ಐತಿ?" ಎಂಬ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತ್ತು.

ಅವ್ವ ಜಗಲಿಯ ಮೇಲೆ ಕೂತಿದ್ದಳು. ಹಲಗೆ ಬಡಿದರೂ ಬಾಗಿಲಿಗೆ ಎದ್ದು ಬಂದಿರಲಿಲ್ಲ. ಅವಳ ಮುಂದೆ ಕೂತು, "ಅವ್ವಾ, ನಂದು ಸಿಕ್ಕೈತಿ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಯಾರವಾ?"

"ನಿನ್ನ ಮಗಳು."

"ಅಲ್ಲ ಬಿಡ್ರಿ. ನನ್ನ ಮಗಳು ದುರ್ಬೀನ ಮನ್ಯಾಗ ಅದಾಳ. ಇನ್ನೂ ಬಂದಿಲ್ಲ."

ಚೆಂಬಸು ಪಕ್ಕದಲ್ಲಿ ಕೂತು, "ಅವ್ವಾ, ಇಕೀನ ನಿನ್ನ ಮಗಳು. ಚುಕ್ಕಿ ಸಿಕ್ಕೈತಿ. ಹೆಸರ ಕೂಗವಾ" ಎಂದ. ಅವ್ವನ ಮುಖ ಗಂಟಾಯಿತು. ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡಳು. "ಎಷ್ಟ ಮಂದಿ ಬಂದು ಕೇಳ್ತೀರಿ? ನಾ ಯಾರ ಮುಂದೂ ಹೇಳಂಗಿಲ್ಲ. ನನ್ನ ಗಂಡ ಕೇಳಿದ್ದ, ಅವಗೂ ಹೇಳಲಿಲ್ಲ. ಆಕೀ ಚುಕ್ಕಿ ಸಿಕ್ಕೂ ತನಕ ಹೇಳಬಾರದು. ಆಕೀ ಬಂದು ಹೇಳಲಿ, ಆಮ್ಯಾಲ ನೋಡೋಣು."

ಜಗಲಿಯ ಸುತ್ತ ನಿಂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪಾರೋತಕ್ಕ ಅಳತೊಡಗಿದಳು. ನಾನು ಅಳಲಿಲ್ಲ. ಅವ್ವ ಹೆಸರನ್ನು ಮರೆತಿರಲಿಲ್ಲ, ನನ್ನನ್ನು ಮರೆತಿದ್ದಳು. ಉಪ್ಪು, ದಾರಿ, ಗಂಡನ ಸಾವು, ಮಗನ ಮುಖ, ಎಲ್ಲವೂ ಕೈಜಾರಿದ ಮೇಲೂ ಅದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು, ಯಾರೋ ಗುರುತಿಲ್ಲದ ಹೆಂಗಸು ಬಂದು ಕಸಿದುಕೊಳ್ಳದ ಹಾಗೆ ನನ್ನಿಂದಲೇ ಕಾಯುತ್ತಿದ್ದಳು. ನನ್ನನ್ನು ಇಷ್ಟು ಪ್ರೀತಿಸುವವರು ಇದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗ ನನ್ನ ಕೈಗಳ ಕಡೆ ಗಮನ ಹೋಯಿತು. ಅಷ್ಟು ಜನ ಹಿಡಿದು ಹಿಡಿದು ಅವು ಬೆಚ್ಚಗಾಗಿದ್ದವು. ಅಂಥ ಕೈ ಹೊತ್ತು ನಾನು ಯಾವ ಸಂಜೆಯೂ ಮನೆಗೆ ಬಂದವಳಲ್ಲ. ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ಕಲ್ಲಿನ ಬಾನಿಯಲ್ಲಿ ನೀರಿತ್ತು, ಥಂಡಿಗೆ ಅದರ ಅಂಚು ಕೊರೆಯುತ್ತಿತ್ತು. ಮೊಣಕೈತನಕ ಎರಡೂ ಕೈ ಮುಳುಗಿಸಿ, ಬೆರಳುಗಳು ಜೋಮು ಹಿಡಿಯುವ ತನಕ ಹಾಗೇ ನಿಂತೆ. ಒರೆಸಿಕೊಂಡು ಬಂದು, ಏನೂ ಮಾತಾಡದೆ, ದಿನದ ಹಾಗೆ ಅವಳ ಪಕ್ಕದಲ್ಲಿ ಕೂತು ಕೈಗಳನ್ನು ಅವಳ ತೊಡೆಯ ಮೇಲೆ ಇಟ್ಟೆ.

ಅವ್ವ ಕೆಳಗೆ ನೋಡಲಿಲ್ಲ. ಅವಳ ಅಂಗೈಗಳು ತಾವಾಗಿಯೇ ಬಂದು ನನ್ನ ಕೈಗಳನ್ನು ಹಿಡಿದುಕೊಂಡವು. ತಿಕ್ಕಿದಳು, ಬಾಯಿಯ ಹತ್ತಿರ ಎತ್ತಿಕೊಂಡು ಊದಿದಳು. "ಇವು ಕೈಯೋ ಬಾವಿಕಲ್ಲೋ" ಎಂದಳು. "ಇಷ್ಟ ತಡಾ ಯಾಕ ಮಾಡ್ದಿ ಕೂಸ? ಯಾರ್ಯಾರೋ ಬಂದು ನಿನ್ನ ಹೆಸರ ಕೇಳಾಕತ್ತಿದ್ರು."

"ಕೊಟ್ಟಿಯೇನವಾ?"

"ನಾ ಯಾಕ ಕೊಡ್ಲಿ?" ಆಮೇಲೆ ನನ್ನ ಕಡೆ ತಿರುಗಿದಳು. "ಹಲಗಿ ಬಡದ್ರಲ್ಲ. ಯಾರ್ದು?"

"ನಂದು ಅವ್ವಾ. ಅಣ್ಣನ ಮಗ್ಗಲಾಗ ಇತ್ತು."

ಅವ್ವ ಎದ್ದಳು. ಯಾರ ಆಸರೆಯೂ ಇಲ್ಲದೆ ಎದ್ದು ಹೊಸ್ತಿಲಿಗೆ ಹೋಗಿ, ಸೆರಗು ಸರಿಮಾಡಿಕೊಂಡು, ಬೀದಿಗೆ ಮುಖ ಮಾಡಿ ನಿಂತಳು. ನಾನು ಹೊಸ್ತಿಲ ಒಳಗೆ ಅವಳ ಬೆನ್ನ ಹಿಂದೆಯೇ ಇದ್ದೆ, ಆದರೆ ಅವಳು ಕೂಗಿದ್ದು ದೂರದ ಓಣಿಯ ಕೊನೆಗೆ ಕೇಳಬೇಕೆಂಬ ಹಾಗೆ, ಹರೆಯದ ದನಿಯಲ್ಲಿ.

"ಬಾಳವ್ವಾ! ಏ ಬಾಳವ್ವಾ!"

ಇಷ್ಟು ಸಾದಾ ಹೆಸರು. ಸೌದಾಮಿನಿಯಲ್ಲ, ಇಂದುಮತಿಯಲ್ಲ. ನಾನು ಒಮ್ಮೆಯೂ ಊಹಿಸಿರಲಿಲ್ಲ. ಆದರೆ ನನ್ನ ತಲೆ ತಾನಾಗಿಯೇ ತಿರುಗಿತು, ಬಾಯಿ ತಾನಾಗಿಯೇ "ಓ" ಎಂದಿತು. ಕರೆದವಳ ಬಳಿಗೆ ಬೀದಿಯಿಂದ ಬರಬೇಕು. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಗೋಡೆ ಬಳಸಿ, ಈ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದುಕೊಂಡು ಓಡಿದೆ. ಜನ ದಾರಿ ಬಿಟ್ಟರು. ಯಾರೋ ಒಲೆ ಹಚ್ಚಿದ ಹೊಗೆಯ ವಾಸನೆ ಆಗಲೇ ಬರುತ್ತಿತ್ತು. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಅವ್ವನ ಮುಂದೆ ನಿಂತೆ.

ಅವ್ವ ಕಂದೀಲಿನ ಬೆಳಕಿನಲ್ಲಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳ ಕಣ್ಣಿನಲ್ಲಿ ಏನೋ ಹತ್ತಿ, ಮತ್ತೆ ಆರಿತು. ಮರ್ಯಾದೆಯಿಂದ ನಕ್ಕಳು.

"ನೀವು ಯಾರವಾ?"

ಯಾರಾದರೂ ಕೇಳಿದರೆ ಹೇಳಲು ನನ್ನ ಹತ್ತಿರ ಜೀವಮಾನದಲ್ಲೇ ಮೊದಲ ಸಲ ಒಂದು ಉತ್ತರವಿತ್ತು.

"ಬಾಳವ್ವ" ಎಂದೆ.

"ಚಲೋ ಹೆಸರ" ಎಂದಳು ಅವ್ವ. ನನ್ನ ಕೈಗಳನ್ನು ಮತ್ತೆ ತನ್ನ ಅಂಗೈಗಳ ನಡುವೆ ತೆಗೆದುಕೊಂಡು ತಿಕ್ಕತೊಡಗಿದಳು. "ಯಾರ ಇಟ್ಟರು?"

"ನಮ್ಮವ್ವ" ಎಂದೆ.